ಅಪ್‌ಲೋಡ್ ಆದ ದಾಖಲೆಗಳನ್ನು ತಾನಾಗಿ ವಿಂಗಡಿಸುವ ವ್ಯವಸ್ಥೆ: ಯಾವುದು ಮೊದಲು, ಯಾವುದು ಆಮೇಲೆ

ವೆಬ್‌ಸೈಟಿಗೆ ಬಂದು ಬೀಳುವ ದಾಖಲೆಗಳು ಯಾರೂ ಕೈ ಹಾಕದೆ ತಂತಮ್ಮ ಗುಂಪು ಸೇರಬೇಕು, ರಸೀದಿ ರಸೀದಿಯ ಜೊತೆ, ಅರ್ಜಿ ಅರ್ಜಿಯ ಜೊತೆ. ಇದನ್ನು ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ: ಮೊದಲ ದಿನವೇ ಮಷಿನ್ ಲರ್ನಿಂಗ್ ಮಾಡೆಲ್ (ಉದಾಹರಣೆಗಳಿಂದ ತಾನೇ ಕಲಿಯುವ ಪ್ರೋಗ್ರಾಂ) ಹುಡುಕಲು ಕೂರುತ್ತಾರೆ. ಆರಿಸಿ ಇಟ್ಟುಕೊಂಡ ಹತ್ತಿಪ್ಪತ್ತು ಕಡತಗಳ ಮೇಲೆ ಅದು ಚೆನ್ನಾಗಿಯೇ ಓಡುತ್ತದೆ. ನಿಜವಾದ ಬಳಕೆದಾರರ ಕಡತಗಳು ಬರತೊಡಗಿದ ಮೇಲೆ ಕುಸಿಯುತ್ತದೆ. ಆಗ ಇನ್ನೂ ದೊಡ್ಡ ಮಾಡೆಲ್ ತರುತ್ತಾರೆ, ಫಲಿತಾಂಶ ಅಷ್ಟಕ್ಕಷ್ಟೇ.

ಮಾಡೆಲ್ ಸರಿಯಿಲ್ಲದೆ ಇಂಥ ವ್ಯವಸ್ಥೆ ಕೆಡುವುದು ಅಪರೂಪ. ಒಂದೋ ಅದರ ಕೈಗೆ ಸಿಗುವ ಪಠ್ಯವೇ ಕೆಟ್ಟಿರುತ್ತದೆ, ಇಲ್ಲವೇ ಅದಕ್ಕೆ ಅನುಮಾನ ಬಂದ ದಾಖಲೆ ಎಲ್ಲಿಗೆ ಹೋಗಬೇಕೆಂದು ಯಾರೂ ಯೋಚಿಸಿರುವುದಿಲ್ಲ. ಈ ಎರಡನ್ನೂ ಗಟ್ಟಿಮಾಡಿಕೊಂಡರೆ ಹಳೆಯ, ಸರಳ ಮಾಡೆಲ್ ಕೂಡ ಸಾಕಾಗುತ್ತದೆ. ಕೆಳಗಿನ ಹಂತಗಳ ಕ್ರಮವನ್ನು ದಯವಿಟ್ಟು ಹಿಂದುಮುಂದು ಮಾಡಬೇಡಿ.

## ಶುರುಮಾಡುವ ಮುನ್ನ ಕೈಯಲ್ಲಿರಬೇಕಾದ್ದು

ಸರ್ವರ್ ಮೇಲೆ ನಿಮ್ಮದೇ ಪ್ರೋಗ್ರಾಂ ಓಡಿಸುವ ಅವಕಾಶ, ಒಂದು ಡೇಟಾಬೇಸ್, ಹಿನ್ನೆಲೆಯಲ್ಲಿ ಕೆಲಸ ಮಾಡಿಸಲು ಒಂದು ಸರದಿ ವ್ಯವಸ್ಥೆ ಬೇಕು. ಪೈಥಾನ್ ಬಲ್ಲವರಿಗೆ ಸೆಲರಿ ಮತ್ತು ರೆಡಿಸ್ ಜೋಡಿ ಸಾಕು. ಕಡತದಿಂದ ಪಠ್ಯ ತೆಗೆಯಲು ಅಪಾಚೆ ಟೀಕಾ, ಸ್ಕ್ಯಾನ್ ಪುಟಗಳನ್ನು ಓದಲು ಟೆಸೆರಾಕ್ಟ್, ವೈರಸ್ ತಪಾಸಣೆಗೆ ಕ್ಲ್ಯಾಮ್‌ಎವಿ, ವರ್ಗೀಕರಣಕ್ಕೆ ಸೈಕಿಟ್-ಲರ್ನ್ ಇದ್ದರೆ ಆಯಿತು. ಎಲ್ಲವೂ ಮುಕ್ತ ತಂತ್ರಾಂಶಗಳು, ಗ್ರಾಫಿಕ್ಸ್ ಕಾರ್ಡಿನ ಅಗತ್ಯವಿಲ್ಲ.

ಇದಲ್ಲದೆ ಒಬ್ಬ ಮನುಷ್ಯ ಬೇಕು, ದಾಖಲೆಗಳನ್ನು ಇಷ್ಟು ದಿನ ಕೈಯಿಂದ ವಿಂಗಡಿಸುತ್ತಿದ್ದವರು. ಪ್ರೋಗ್ರಾಂ ಬರೆಯುವವರಿಗೆ ಗೊತ್ತಿರದ ನೂರು ಸೂಕ್ಷ್ಮಗಳು ಅವರಿಗೆ ಗೊತ್ತಿರುತ್ತವೆ. ಮೊದಲ ಎರಡು ಹಂತಗಳನ್ನು ಅವರ ಪಕ್ಕ ಕೂತೇ ಮಾಡಿ.

## 1. ವರ್ಗಗಳ ಪಟ್ಟಿ ಬರೆಯಿರಿ

ಎಂಟು ಹತ್ತು ವರ್ಗಗಳಿಂದ ಶುರುಮಾಡಿ. ನಲವತ್ತು ವರ್ಗಗಳ ಪಟ್ಟಿ ನೋಡಲು ಚೆಂದ, ಆದರೆ ಅದರಲ್ಲಿ ಅರ್ಧದಷ್ಟಕ್ಕೆ ಮಾದರಿ ಕಡತಗಳೇ ಸಿಗುವುದಿಲ್ಲ. ಒಂದು ವರ್ಗ ಪಟ್ಟಿಯಲ್ಲಿ ಇರಬೇಕೋ ಬೇಡವೋ ಎಂದು ತೀರ್ಮಾನಿಸಲು ಒಂದೇ ಪ್ರಶ್ನೆ ಕೇಳಿ: ಈ ವರ್ಗಕ್ಕೆ ಸೇರಿದ ದಾಖಲೆಯನ್ನು ಮುಂದೆ ಬೇರೆ ರೀತಿ ನಡೆಸುತ್ತೀರಾ? ಬೇರೆಯವರು ನೋಡುತ್ತಾರಾ, ಬೇರೆ ಅವಧಿಯವರೆಗೆ ಇಡುತ್ತೀರಾ, ಬೇರೆ ಪುಟದಲ್ಲಿ ತೋರಿಸುತ್ತೀರಾ? ಮೂರಕ್ಕೂ ಇಲ್ಲ ಎಂದಾದರೆ ಆ ವರ್ಗ ಬೇಕಿಲ್ಲ.

ಪ್ರತಿ ವರ್ಗಕ್ಕೂ ಎರಡು ಸಾಲಿನ ವಿವರಣೆ ಬರೆಯಿರಿ, ಜೊತೆಗೆ ಯಾವುದು ಅದಕ್ಕೆ ಸೇರುವುದಿಲ್ಲ ಎಂಬ ಸಾಲನ್ನೂ ಸೇರಿಸಿ. 'ರಸೀದಿ: ಹಣ ಸಂದಾಯವಾಗಿದೆ ಎಂದು ಹೇಳುವ ದಾಖಲೆ. ಇನ್ನೂ ಕೊಡಬೇಕಾದ ಹಣದ ಬಿಲ್ಲು ಇದಕ್ಕೆ ಸೇರುವುದಿಲ್ಲ.' ಆ ಎರಡನೆಯ ವಾಕ್ಯ ಇಲ್ಲದಿದ್ದರೆ ಕಡತಗಳಿಗೆ ವರ್ಗದ ಗುರುತು ಹಾಕುವ ಇಬ್ಬರು ಎರಡು ದಾರಿ ಹಿಡಿಯುತ್ತಾರೆ.

ಇಲ್ಲೇ ಇನ್ನೊಂದು ತೀರ್ಮಾನ ಆಗಬೇಕು: ಒಂದು ದಾಖಲೆಗೆ ಒಂದೇ ವರ್ಗವೋ, ಹಲವು ಸಾಧ್ಯವೋ? ಅರ್ಜಿ, ಅದಕ್ಕೆ ಲಗತ್ತಿಸಿದ ಪ್ರಮಾಣಪತ್ರ, ಶುಲ್ಕದ ರಸೀದಿ ಮೂರನ್ನೂ ಒಟ್ಟಿಗೆ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಆಗಿ ಕಳಿಸುವವರು ಬಹಳ. ಇಂಥವು ನಿಮ್ಮಲ್ಲಿ ಹೆಚ್ಚಾಗಿ ಬರುವುದಾದರೆ ಪುಟಪುಟವಾಗಿ ವರ್ಗೀಕರಿಸಿ, ವರ್ಗ ಬದಲಾದ ಕಡೆ ಕಡತವನ್ನು ಒಡೆಯುವ ಯೋಜನೆ ಈಗಲೇ ಇರಲಿ. ಆಮೇಲೆ ಸೇರಿಸಲು ಹೋದರೆ ಡೇಟಾಬೇಸ್ ವಿನ್ಯಾಸವನ್ನೇ ಬದಲಿಸಬೇಕಾಗುತ್ತದೆ.

'ಇತರೆ' ಎಂಬ ವರ್ಗ ಬೇಕೇ ಬೇಕು. ಅದು ಇಲ್ಲದಿದ್ದರೆ ಯಾರೋ ತಪ್ಪಿ ಹಾಕಿದ ಪ್ರವಾಸದ ಫೋಟೊ ಕೂಡ ಹತ್ತಿರದ ಯಾವುದಾದರೂ ವರ್ಗಕ್ಕೆ ಹೋಗಿ ಅಂಟಿಕೊಳ್ಳುತ್ತದೆ.

## 2. ಮಾದರಿಗಳನ್ನು ಕೂಡಿಸಿ, ಕೈಯಿಂದ ಗುರುತು ಹಾಕಿ

ವರ್ಗಕ್ಕೆ ಕನಿಷ್ಠ 50, ಸಾಧ್ಯವಾದರೆ 100 ಕಡತಗಳು ಇರಲಿ. ನಿಜವಾದ ಬಳಕೆದಾರರು ಕಳಿಸಿದ, ಕೆಟ್ಟದಾಗಿ ಸ್ಕ್ಯಾನ್ ಆದ, ಓರೆಯಾದ, ಮೊಬೈಲಿನಲ್ಲಿ ಕತ್ತಲಲ್ಲಿ ತೆಗೆದ ಪುಟಗಳೇ ಬೇಕು. ಕಚೇರಿಯ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಇಟ್ಟ ಮಾದರಿ ನಮೂನೆಗಳನ್ನು ಕೊಟ್ಟು ಕಲಿಸಿದರೆ ವ್ಯವಸ್ಥೆ ಅಚ್ಚುಕಟ್ಟಾದವನ್ನು ಮಾತ್ರ ಗುರುತಿಸುತ್ತದೆ.

ಮೊದಲ 100 ಕಡತಗಳಿಗೆ ಇಬ್ಬರು ಬೇರೆ ಬೇರೆಯಾಗಿ, ಒಬ್ಬರದನ್ನೊಬ್ಬರು ನೋಡದೆ ಗುರುತು ಹಾಕಲಿ. ಆಮೇಲೆ ಹೋಲಿಸಿ. ಎಲ್ಲಿ ಭಿನ್ನಾಭಿಪ್ರಾಯ ಬಂತೋ ಅಲ್ಲಿ ವರ್ಗದ ವಿವರಣೆ ಮಸುಕಾಗಿದೆ ಎಂದರ್ಥ, ತಿದ್ದಿ. ಇಬ್ಬರು ಮನುಷ್ಯರೇ ಒಪ್ಪದ ವಿಷಯದಲ್ಲಿ ಯಂತ್ರದಿಂದ ಸರಿಯುತ್ತರ ಬರುವುದಿಲ್ಲ.

ಗುರುತು ಹಾಕಿದ ಕಡತಗಳಲ್ಲಿ ಐದರಲ್ಲೊಂದು ಭಾಗವನ್ನು ಬೇರೆ ಫೋಲ್ಡರಿನಲ್ಲಿ ಎತ್ತಿಡಿ. ಅದು ಪರೀಕ್ಷೆಗೆ ಮಾತ್ರ. ಎತ್ತಿಡುವಾಗ ಒಂದು ಎಚ್ಚರ ಇರಬೇಕು, ಇದನ್ನು ಹೆಚ್ಚಿನವರು ತಪ್ಪಿಸಿಕೊಳ್ಳುತ್ತಾರೆ. ಒಂದೇ ಸಂಸ್ಥೆಯ ಒಂದೇ ನಮೂನೆಯ ಬಿಲ್ಲುಗಳು ಕಲಿಕೆಯಲ್ಲೂ ಪರೀಕ್ಷೆಯಲ್ಲೂ ಇದ್ದರೆ ಮಾಡೆಲ್ 'ಬಿಲ್ಲು' ಎಂದರೇನೆಂದು ಕಲಿಯದೆ ಆ ಸಂಸ್ಥೆಯ ತಲೆಬರಹವನ್ನು ಬಾಯಿಪಾಠ ಮಾಡುತ್ತದೆ, ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ಪಡೆಯುತ್ತದೆ. ಕಳಿಸಿದವರ ಪ್ರಕಾರ ಗುಂಪು ಮಾಡಿ, ಒಬ್ಬರ ಕಡತಗಳೆಲ್ಲ ಒಂದೇ ಕಡೆ ಇರುವಂತೆ ಹಂಚಿ. ಸೈಕಿಟ್-ಲರ್ನ್‌ನಲ್ಲಿ ಹೀಗೆ ಗುಂಪುಗಳನ್ನು ಒಡೆಯದೆ ಹಂಚುವ ಸೌಲಭ್ಯ ಇದೆ.

ಕಡತದ ಹೆಸರಿನಿಂದಲೂ ಇದೇ ಮೋಸ ಆಗುತ್ತದೆ. ನಿಮ್ಮ ಮಾದರಿಗಳಿಗೆ ಯಾರೋ 'ಬಿಲ್ಲು-ಮಾರ್ಚ್' ಎಂದು ಹೆಸರಿಟ್ಟಿರುತ್ತಾರೆ, ಬಳಕೆದಾರರು ಕಳಿಸುವುದು 'ಸ್ಕ್ಯಾನ್0001'. ಹೆಸರನ್ನು ಕಲಿಕೆಯಿಂದ ಹೊರಗಿಡಿ.

## 3. ಅಪ್‌ಲೋಡ್ ಬಾಗಿಲನ್ನು ಭದ್ರಮಾಡಿ

ವರ್ಗೀಕರಣ ಮಾಡಬೇಕೆಂದರೆ ಸರ್ವರ್ ಕಡತವನ್ನು ತೆರೆದು ಓದಬೇಕು. ಅಪರಿಚಿತರ ಕಡತವನ್ನು ತೆರೆಯುವುದು ಅಪಾಯದ ಕೆಲಸ, ಆದ್ದರಿಂದ ಈ ಹಂತವನ್ನು ದಾಟಿ ಹೋಗಬೇಡಿ.

ಸ್ವೀಕರಿಸುವ ಬಗೆಗಳ ಪಟ್ಟಿ ಮಾಡಿ, ಉಳಿದದ್ದನ್ನೆಲ್ಲ ತಿರಸ್ಕರಿಸಿ. ಬೇಡದ ಬಗೆಗಳ ಪಟ್ಟಿ ಮಾಡಲು ಹೋದರೆ ಅದು ಎಂದಿಗೂ ಪೂರ್ತಿಯಾಗುವುದಿಲ್ಲ. ಹೆಸರಿನ ಕೊನೆಯ ಅಕ್ಷರಗಳನ್ನಾಗಲಿ, ಬ್ರೌಸರ್ ಹೇಳುವ ಬಗೆಯನ್ನಾಗಲಿ ನಂಬಬೇಡಿ, ಎರಡನ್ನೂ ಕಳಿಸುವವರು ಬದಲಿಸಬಹುದು. ಕಡತದ ಮೊದಲ ಬೈಟುಗಳನ್ನು ನೋಡಿ: ಪಿಡಿಎಫ್ ಆದರೆ ಶೇಕಡಾ ಚಿಹ್ನೆಯ ಜೊತೆ ಪಿಡಿಎಫ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಅಲ್ಲಿರುತ್ತವೆ. ವರ್ಡ್‌ನ ಡಾಕ್ಸ್ ಮತ್ತು ಎಕ್ಸೆಲ್‌ನ ಹೊಸ ರೂಪದ ಕಡತಗಳು ಒಳಗೆ ಜಿಪ್ ಕಡತಗಳೇ ಆದ್ದರಿಂದ ಅವುಗಳಿಗೆ ಮೊದಲ ಬೈಟುಗಳಷ್ಟೇ ಸಾಲವು, ಒಳಗಿನ ರಚನೆಯನ್ನೂ ನೋಡಬೇಕು. ಟೀಕಾ ಇದನ್ನು ಮಾಡಿಕೊಡುತ್ತದೆ.

ಜಿಪ್ ಎಂದ ಮೇಲೆ ಬಿಚ್ಚಿದಾಗ ಎಷ್ಟು ದೊಡ್ಡದಾಗುತ್ತದೆ ಎಂಬುದಕ್ಕೂ ಮಿತಿ ಬೇಕು. ಕೇವಲ 42 ಕಿಲೊಬೈಟ್ ಇದ್ದು, ಪದರಪದರವಾಗಿ ಪೂರ್ತಿ ಬಿಚ್ಚಿದರೆ ಸುಮಾರು 4.5 ಪೆಟಾಬೈಟ್ ಆಗುವ ಕುಖ್ಯಾತ ಜಿಪ್ ಕಡತವೊಂದಿದೆ. ಅಂಥದ್ದನ್ನು ತಡೆಯದ ಸರ್ವರ್ ಒಂದೇ ಅಪ್‌ಲೋಡಿಗೆ ಮಲಗುತ್ತದೆ.

ಬಂದ ಕಡತಕ್ಕೆ ನೀವೇ ಒಂದು ಯಾದೃಚ್ಛಿಕ ಹೆಸರು ಕೊಡಿ, ಮೂಲ ಹೆಸರನ್ನು ಡೇಟಾಬೇಸಿನಲ್ಲಿ ಬರೆದಿಡಿ. ವೆಬ್ ವಿಳಾಸದಿಂದ ನೇರವಾಗಿ ತೆರೆಯಲಾಗದ ಜಾಗದಲ್ಲಿ ಇಡಿ. ಎಸ್‌ಎಚ್‌ಎ-256 ಹ್ಯಾಶ್ (ಕಡತದ ಬೆರಳಚ್ಚಿನಂಥ ಸಂಕೇತ) ಲೆಕ್ಕ ಹಾಕಿ ಇಟ್ಟುಕೊಂಡರೆ ಅದೇ ಕಡತ ಮತ್ತೆ ಬಂದಾಗ ಎಲ್ಲ ಕೆಲಸವನ್ನೂ ಮತ್ತೊಮ್ಮೆ ಮಾಡುವುದು ತಪ್ಪುತ್ತದೆ. ವೈರಸ್ ತಪಾಸಣೆ ನಿಜಕ್ಕೂ ನಡೆಯುತ್ತಿದೆಯೇ ಎಂದು ನೋಡಲು ಐಕಾರ್ ಪರೀಕ್ಷಾ ಕಡತ ಬಳಸಿ. 68 ಅಕ್ಷರಗಳ ಆ ಕಡತ ನಿರಪಾಯಕಾರಿ, ಆದರೆ ಸರಿಯಾಗಿ ಕೂರಿಸಿದ ತಪಾಸಕಗಳು ಅದನ್ನು ವೈರಸ್ ಎಂದೇ ಹಿಡಿಯುತ್ತವೆ.

ಪಾಸ್‌ವರ್ಡ್ ಹಾಕಿದ ಪಿಡಿಎಫ್ ಬಂದರೆ ಆ ಕ್ಷಣದಲ್ಲೇ ಕಳಿಸಿದವರಿಗೆ ಹೇಳಿ. ಒಳಗೆ ತೆಗೆದುಕೊಂಡು ಆಮೇಲೆ 'ಇತರೆ'ಗೆ ಸೇರಿಸಿದರೆ ಅದು ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ.

## 4. ಕೆಲಸವನ್ನು ಸರದಿಗೆ ಹಾಕಿ

ಅಪ್‌ಲೋಡ್ ಗುಂಡಿ ಒತ್ತಿದವರನ್ನು ವರ್ಗೀಕರಣ ಮುಗಿಯುವವರೆಗೆ ಕಾಯಿಸಬಾರದು. ನೂರು ಪುಟದ ಸ್ಕ್ಯಾನ್ ಓದಲು ನಿಮಿಷಗಳೇ ಹಿಡಿಯಬಹುದು, ಅಷ್ಟರಲ್ಲಿ ಬ್ರೌಸರಿನ ಸಂಪರ್ಕ ಕಡಿದು, ಅವರು ಮತ್ತೆ ಗುಂಡಿ ಒತ್ತಿ, ಒಂದು ಕಡತ ಮೂರಾಗುತ್ತದೆ. ಕಡತ ಉಳಿಸಿ, 'ಸಿಕ್ಕಿದೆ, ಪರಿಶೀಲನೆಯಲ್ಲಿದೆ' ಎಂದು ಉತ್ತರ ಕೊಟ್ಟು, ಉಳಿದ ಕೆಲಸವನ್ನು ಸರದಿಗೆ ಬಿಡಿ.

ಪ್ರತಿ ಕೆಲಸಕ್ಕೂ ಸಮಯದ ಮಿತಿ, ಮರುಪ್ರಯತ್ನದ ಮಿತಿ ಎರಡೂ ಇರಲಿ. ಒಂದು ಕೆಟ್ಟ ಪಿಡಿಎಫ್ ಪಠ್ಯ ತೆಗೆಯುವ ಪ್ರೋಗ್ರಾಮನ್ನು ಮತ್ತೆ ಮತ್ತೆ ಬೀಳಿಸುತ್ತ ಇಡೀ ಸರದಿಯನ್ನು ಹಿಡಿದಿಟ್ಟುಕೊಳ್ಳುವುದು ಸಾಮಾನ್ಯ. ಮೂರು ಸಲ ಸೋತದ್ದನ್ನು ಪಕ್ಕಕ್ಕಿಟ್ಟು ಮನುಷ್ಯರಿಗೆ ತೋರಿಸಿ.

## 5. ಪಠ್ಯ ತೆಗೆಯಿರಿ, ತೆಗೆದದ್ದು ಸರಿಯಿದೆಯೇ ನೋಡಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು.

ಪಿಡಿಎಫ್‌ನಲ್ಲಿ ಮೂರು ಬಗೆ. ಮೊದಲನೆಯದು ಕಂಪ್ಯೂಟರಿನಿಂದ ನೇರ ತಯಾರಾದದ್ದು, ಅದರ ಪಠ್ಯ ಸುಲಭವಾಗಿ ಸಿಗುತ್ತದೆ. ಎರಡನೆಯದು ಬರೀ ಸ್ಕ್ಯಾನ್ ಚಿತ್ರ, ಅಲ್ಲಿ ಪಠ್ಯವೇ ಇಲ್ಲ. ಮೂರನೆಯದು ಮೋಸದ್ದು: ಪಠ್ಯ ಇದ್ದಂತೆ ಕಾಣುತ್ತದೆ, ತೆಗೆದರೆ ಕಸ ಬರುತ್ತದೆ. ಪ್ರೋಗ್ರಾಂ ಈ ಮೂರನ್ನೂ ಬೇರ್ಪಡಿಸಬೇಕು.

ಪುಟಕ್ಕೆ ಎಷ್ಟು ಅಕ್ಷರ ಸಿಕ್ಕಿತು ಎಂದು ಎಣಿಸಿ. ಐವತ್ತಕ್ಕಿಂತ ಕಡಿಮೆ ಇದ್ದರೆ ಆ ಪುಟವನ್ನು ಚಿತ್ರವೆಂದೇ ತಿಳಿದು, ಚಿತ್ರದಲ್ಲಿನ ಅಕ್ಷರ ಗುರುತಿಸಿ ಪಠ್ಯವಾಗಿಸುವ ಓಸಿಆರ್‌ಗೆ ಕಳಿಸಿ. ಇಡೀ ಕಡತಕ್ಕೆ ಒಂದೇ ತೀರ್ಮಾನ ಬೇಡ, ಮೊದಲ ಪುಟ ಟೈಪ್ ಆಗಿದ್ದು ಉಳಿದವು ಸ್ಕ್ಯಾನ್ ಆಗಿರುವುದು ಬಹಳ. ಓಸಿಆರ್‌ಮೈಪಿಡಿಎಫ್ ಎಂಬ ಸಲಕರಣೆಗೆ ಪಠ್ಯವಿರುವ ಪುಟಗಳನ್ನು ಬಿಟ್ಟು ಉಳಿದವನ್ನು ಮಾತ್ರ ಓದಲು ಹೇಳಬಹುದು.

ಓಸಿಆರ್‌ಗೆ ಕೊಡುವ ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕೆ) ಆಸುಪಾಸು ಇರಲಿ. ಓರೆ ಪುಟವನ್ನು ನೇರಮಾಡಿ, ತಲೆಕೆಳಗಾದದ್ದನ್ನು ತಿರುಗಿಸಿ, ಆಮೇಲೆ ಓದಿಸಿ. ಟೆಸೆರಾಕ್ಟ್‌ಗೆ ಕನ್ನಡದ ದತ್ತಾಂಶವನ್ನು ಪ್ರತ್ಯೇಕವಾಗಿ ಅಳವಡಿಸಬೇಕಾಗುತ್ತದೆ. ಓದಿಸುವಾಗ ಭಾಷೆ ಕನ್ನಡ ಎಂದು ಹೇಳಲು ಮರೆತರೆ ಅದು ಕನ್ನಡ ಪುಟವನ್ನೂ ಇಂಗ್ಲಿಷ್ ಎಂದುಕೊಂಡು ಓದಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲನ್ನು ಕೊಡುತ್ತದೆ. ತಪ್ಪಾಗಿದೆ ಎಂದು ಎಲ್ಲಿಯೂ ಹೇಳುವುದಿಲ್ಲ. ಎರಡೂ ಭಾಷೆ ಬೆರೆತ ದಾಖಲೆಗಳಿಗೆ ಎರಡನ್ನೂ ಒಟ್ಟಿಗೆ ಕೊಡಬಹುದು.

ಈಗ ಆ ಮೂರನೆಯ ಬಗೆ. ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ಪದ್ಧತಿ) ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ದಾಖಲೆಗಳು ತೆರೆಯ ಮೇಲೆ ಶುದ್ಧ ಕನ್ನಡವಾಗಿ ಕಾಣುತ್ತವೆ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಕನ್ನಡದ ರೂಪ ಫಾಂಟಿನಿಂದ ಬಂದದ್ದು. ಇಂಥ ಕಡತದಿಂದ ಪಠ್ಯ ತೆಗೆದರೆ ಯೂನಿಕೋಡ್ ಕನ್ನಡಕ್ಕೆಂದು ಬರೆದ ನಿಯಮವಾಗಲಿ ಅದರಲ್ಲೇ ಕಲಿತ ಮಾಡೆಲಾಗಲಿ ಅದರ ವರ್ಗ ಹೇಳಲಾರದು. ಪತ್ತೆಹಚ್ಚುವುದು ಕಷ್ಟವಲ್ಲ: ಕನ್ನಡದ ದಾಖಲೆ ಎಂದು ನಿರೀಕ್ಷಿಸಿದ ಕಡೆ ಯೂನಿಕೋಡಿನ ಕನ್ನಡ ವಿಭಾಗಕ್ಕೆ ಸೇರಿದ ಅಕ್ಷರಗಳ ಪಾಲು ಸೊನ್ನೆಯ ಹತ್ತಿರ ಇದ್ದು, ವಿಚಿತ್ರ ಚಿಹ್ನೆಗಳು ತುಂಬಿದ್ದರೆ ಅನುಮಾನಪಡಿ. ಪಿಡಿಎಫ್ ಒಳಗಿನ ಫಾಂಟ್ ಹೆಸರನ್ನು ನೋಡಿದರೆ ಖಚಿತವಾಗುತ್ತದೆ.

ಪರಿಹಾರಕ್ಕೆ ಎರಡು ದಾರಿ. ಆ ಫಾಂಟಿನ ಪರಿವರ್ತಕ ಇದ್ದರೆ ಯೂನಿಕೋಡಿಗೆ ತಿರುಗಿಸಿ. ಇಲ್ಲವೇ ಪುಟವನ್ನು ಚಿತ್ರವಾಗಿಸಿ ಓಸಿಆರ್ ಮಾಡಿ. ಓಸಿಆರ್ ನೋಡುವುದು ಅಕ್ಷರದ ಆಕಾರವನ್ನು, ಹಾಗಾಗಿ ಒಳಗಿನ ಸಂಕೇತ ಯಾವುದಿದ್ದರೂ ಅದಕ್ಕೆ ಅಡ್ಡಿಯಿಲ್ಲ. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ನಿಧಾನ ನಿಜ, ಆದರೆ ಹತ್ತು ಬಗೆಯ ಫಾಂಟಿಗೆ ಹತ್ತು ಪರಿವರ್ತಕ ಸಾಕುವ ತಾಪತ್ರಯ ಇಲ್ಲ. ಯೂನಿಕೋಡ್ ಫಾಂಟೇ ಇದ್ದರೂ ಕೆಲವು ಪಿಡಿಎಫ್‌ಗಳಲ್ಲಿ ಒತ್ತಕ್ಷರ ಮತ್ತು ಸ್ವರಚಿಹ್ನೆಗಳು ಸ್ಥಾನಪಲ್ಲಟವಾಗಿ ಬರುತ್ತವೆ, ಅವಕ್ಕೂ ಇದೇ ಮದ್ದು.

ಎಲ್ಲ ಪುಟ ಓದಬೇಕೆಂದಿಲ್ಲ. ವರ್ಗ ಗೊತ್ತಾಗಲು ಸಾಮಾನ್ಯವಾಗಿ ಮೊದಲ ಎರಡು ಮೂರು ಪುಟ ಸಾಕು. ಪುಟಪುಟವಾಗಿ ಒಡೆಯುವ ಯೋಜನೆಯವರಿಗೆ ಮಾತ್ರ ಪೂರ್ತಿ ಬೇಕು.

ಮುಂದಿನ ಹಂತಕ್ಕೆ ಹೋಗುವ ಮೊದಲು ಹೀಗೆ ಮಾಡಿ: ತೆಗೆದ ಪಠ್ಯಗಳಲ್ಲಿ ಮೂವತ್ತನ್ನು ಅಡ್ಡಾದಿಡ್ಡಿಯಾಗಿ ಆರಿಸಿ, ಮೂಲ ಕಡತವನ್ನು ಮುಚ್ಚಿಟ್ಟು, ಪಠ್ಯವನ್ನಷ್ಟೇ ಓದಿ ನೀವೇ ವರ್ಗ ಹೇಳಲು ನೋಡಿ. ನಿಮಗೆ ಆಗದಿದ್ದರೆ ಮಾಡೆಲಿಗೂ ಆಗುವುದಿಲ್ಲ, ಇದೇ ಹಂತದಲ್ಲಿ ನಿಲ್ಲಿ.

## 6. ಕನ್ನಡ ಪಠ್ಯವನ್ನು ಹದಕ್ಕೆ ತನ್ನಿ

ಕಣ್ಣಿಗೆ ಒಂದೇ ಆಗಿ ಕಾಣುವ ಪದ ಕಂಪ್ಯೂಟರಿಗೆ ಎರಡಾಗಿರಬಹುದು. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಎಲ್ಲವನ್ನೂ, ತುಂಡುಗಳನ್ನು ಒಂದಾಗಿಸುವ, ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತನ್ನಿ. 'ಫೈಲ್‌ಗಳು' ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಚಿಹ್ನೆಯನ್ನು ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ, ವರ್ಗೀಕರಣದ ಮಟ್ಟಿಗೆ ಅದನ್ನು ತೆಗೆದುಹಾಕಿ. ಕನ್ನಡ ಅಂಕಿಗಳನ್ನೂ ಇಂಗ್ಲಿಷ್ ಅಂಕಿಗಳನ್ನೂ ಒಂದೇ ರೂಪಕ್ಕೆ ತನ್ನಿ.

ಇನ್ನು ಪದಗಳನ್ನು ಬಿಡಿಸುವ ವಿಷಯ. ಸೈಕಿಟ್-ಲರ್ನ್‌ನ ಪಠ್ಯ ಸಲಕರಣೆಯನ್ನು ಇದ್ದಂತೆಯೇ ಬಳಸಿದರೆ ಕನ್ನಡ ಪುಡಿಪುಡಿಯಾಗುತ್ತದೆ. ಕಾರಣ, ಪೈಥಾನಿನ ಪದ ಹುಡುಕುವ ನಿಯಮ ಕಾಗುಣಿತದ ಚಿಹ್ನೆಗಳನ್ನು ಪದದ ಭಾಗವೆಂದು ಎಣಿಸುವುದಿಲ್ಲ, ಅಲ್ಲೇ ಕತ್ತರಿಸುತ್ತದೆ. ಜೊತೆಗೆ ಸೈಕಿಟ್-ಲರ್ನ್ ಒಂದೇ ಅಕ್ಷರದ ತುಂಡುಗಳನ್ನು ಎಸೆದುಬಿಡುತ್ತದೆ. ಹೀಗೆ 'ರಸೀದಿ' ಎಂಬ ಪದದಲ್ಲಿ ಉಳಿಯುವುದು 'ರಸ', 'ಅರ್ಜಿ'ಯಲ್ಲಿ ಉಳಿಯುವುದು 'ಅರ', 'ಬಿಲ್ಲು' ಪೂರ್ತಿ ಮಾಯ. ಪ್ರೋಗ್ರಾಂ ಎಲ್ಲೂ ನಿಲ್ಲುವುದಿಲ್ಲ, ದೋಷ ಸಂದೇಶವೂ ಬರುವುದಿಲ್ಲ. ಅಂಕ ಮಾತ್ರ ಕಡಿಮೆ ಬರುತ್ತದೆ, ಜನ ಮಾಡೆಲನ್ನು ಬೈಯುತ್ತಾರೆ.

ಸರಿಪಡಿಸಲು, ಪದಗಳ ಬದಲು ಅಕ್ಷರಗುಚ್ಛಗಳನ್ನು ಮಾಡೆಲಿಗೆ ಸುಳಿವಾಗಿ ಕೊಡಿ, ಅಂದರೆ ಪದದೊಳಗಿನ ಮೂರರಿಂದ ಆರು ಸಂಕೇತಗಳ ತುಂಡುಗಳು. ಇದರಿಂದ ಇನ್ನೊಂದು ಲಾಭವೂ ಇದೆ. ಅರ್ಜಿಯನ್ನು, ಅರ್ಜಿಯಲ್ಲಿ, ಅರ್ಜಿದಾರರು, ಅರ್ಜಿಗಳಿಗೆ ಇವೆಲ್ಲ ಬೇರೆ ಬೇರೆ ಪದಗಳಾದರೂ 'ಅರ್ಜಿ' ಎಂಬ ತುಂಡು ಎಲ್ಲದರಲ್ಲೂ ಸಿಗುತ್ತದೆ. ಪ್ರತ್ಯಯ ಹತ್ತುವ ನಮ್ಮ ಭಾಷೆಗೆ ಇದು ಹೇಳಿಮಾಡಿಸಿದಂತಿದೆ, ಓಸಿಆರ್ ಒಂದೆರಡು ಅಕ್ಷರ ತಪ್ಪಾಗಿ ಓದಿದರೂ ಉಳಿದ ತುಂಡುಗಳು ಕೈಹಿಡಿಯುತ್ತವೆ.

## 7. ಮೊದಲು ನಿಯಮ, ಆಮೇಲೆ ಮಾಡೆಲ್

ಮಾಡೆಲಿಗೆ ಕೈ ಹಾಕುವ ಮೊದಲು ಖಚಿತವಾಗಿ ಹೇಳಬಹುದಾದ್ದನ್ನು ನಿಯಮಗಳಿಂದ ಹೇಳಿಸಿ. ಮೊದಲ ಹತ್ತು ಸಾಲುಗಳಲ್ಲಿ 'ಬಾಡಿಗೆ ಕರಾರು ಪತ್ರ' ಎಂಬ ತಲೆಬರಹ ಇದ್ದರೆ ಅದು ಕರಾರು, ಯೋಚಿಸಬೇಕಾದ್ದಿಲ್ಲ. ನಿಯಮದ ಪದ ಎಲ್ಲಿ ಬರಬೇಕು ಎಂಬುದನ್ನೂ ಹೇಳಿ. 'ಈ ರಸೀದಿಯನ್ನು ಲಗತ್ತಿಸಿದ್ದೇನೆ' ಎಂಬ ವಾಕ್ಯ ಅರ್ಜಿಯ ನಡುವೆಯೂ ಬರುತ್ತದೆ, ಅಷ್ಟಕ್ಕೇ ಅದು ರಸೀದಿಯಾಗುವುದಿಲ್ಲ.

ಯಾವ ಪುಟದಿಂದ ಅಪ್‌ಲೋಡ್ ಆಯಿತು ಎಂಬುದೂ ಬಲವಾದ ಸುಳಿವು. ಕಳಿಸುವವರನ್ನೇ ಕೇಳಬಹುದು, ಆದರೆ ಆಯ್ಕೆಪಟ್ಟಿಯಲ್ಲಿ ಮೊದಲೇ ಒಂದನ್ನು ಆರಿಸಿಟ್ಟಿರಬೇಡಿ, ಹೆಚ್ಚಿನವರು ಅದನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತಾರೆ.

ನಿಯಮಗಳು ಇಪ್ಪತ್ತು ಮೂವತ್ತು ದಾಟಿ, ಒಂದನ್ನು ತಿದ್ದಿದರೆ ಇನ್ನೊಂದು ಕೆಡತೊಡಗಿದಾಗ ನಿಲ್ಲಿಸಿ. ಅಲ್ಲಿಂದ ಮುಂದೆ ಮಾಡೆಲಿನ ಕೆಲಸ.

## 8. ಮಾಡೆಲ್ ಕಲಿಸಿ

ಆರನೆಯ ಹಂತದ ಅಕ್ಷರಗುಚ್ಛಗಳಿಗೆ ಟಿಎಫ್-ಐಡಿಎಫ್ ತೂಕ (ಎಲ್ಲೆಡೆ ಬರುವ ತುಂಡಿಗೆ ಕಡಿಮೆ, ಕೆಲವೇ ದಾಖಲೆಗಳಲ್ಲಿ ಬರುವುದಕ್ಕೆ ಹೆಚ್ಚು) ಕೊಟ್ಟು, ಲಾಜಿಸ್ಟಿಕ್ ರಿಗ್ರೆಷನ್ ಎಂಬ ಹಳೆಯ, ಸರಳ ಮಾಡೆಲಿಗೆ ಕಲಿಸಿ. ಕೆಲವು ಸಾವಿರ ದಾಖಲೆಗಳನ್ನು ಸಾಧಾರಣ ಕಂಪ್ಯೂಟರ್ ಕೂಡ ನಿಮಿಷಗಳಲ್ಲಿ ಮುಗಿಸುತ್ತದೆ. ನೇವ್ ಬೇಯ್ಸ್ ಎಂಬ ಇನ್ನೊಂದು ಮಾಡೆಲ್ ಕೂಡ ಸರಳವೇ, ಆದರೆ ಅದು ತಪ್ಪನ್ನೂ ಶೇ. 99 ಖಚಿತವೆಂದು ಹೇಳುವ ಸ್ವಭಾವದ್ದು. ಮುಂದೆ ಅನುಮಾನದ ಮಿತಿ ಇಡಬೇಕಾದ ನಮಗೆ ಅದು ಹೊಂದುವುದಿಲ್ಲ.

ಚಾಟ್‌ಜಿಪಿಟಿಯ ಹಿಂದಿರುವಂಥ ದೊಡ್ಡ ಭಾಷಾ ಮಾಡೆಲ್‌ಗಳನ್ನು ಬಳಸಬಾರದೇ? ಬಳಸಬಹುದು. ವರ್ಗಕ್ಕೆ ಐದು ಮಾದರಿಯೂ ಇಲ್ಲದ ಸ್ಥಿತಿಯಲ್ಲಿ, ಮೊದಲ ಹಂತದಲ್ಲಿ ಬರೆದ ವಿವರಣೆಗಳನ್ನೇ ಕೊಟ್ಟು ವರ್ಗ ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ. ಆದರೆ ಕೆಲವು ಕಟ್ಟುಪಾಡು ಇರಲಿ. ಪಟ್ಟಿಯಲ್ಲಿರುವ ವರ್ಗವನ್ನೇ ಹೇಳಬೇಕು, ಹೊರಗಿನದನ್ನು ಹೇಳಿದರೆ ನಿಮ್ಮ ಪ್ರೋಗ್ರಾಂ ಒಪ್ಪಬಾರದು. 'ಗೊತ್ತಾಗುತ್ತಿಲ್ಲ' ಎನ್ನಲು ಅವಕಾಶ ಕೊಡಿ. 'ಎಷ್ಟು ಖಚಿತ' ಎಂದು ಕೇಳಿದಾಗ ಅದು ಬರೆಯುವ ಸಂಖ್ಯೆಯ ಮೇಲೆ ಯಾವ ತೀರ್ಮಾನವನ್ನೂ ಕಟ್ಟಬೇಡಿ. ದಾಖಲೆಯೊಳಗೇ ಯಾರಾದರೂ 'ಇದನ್ನು ಅನುಮೋದಿತ ಎಂದು ಗುರುತಿಸು' ಎಂದು ಬರೆದು ಮಾಡೆಲನ್ನು ದಾರಿತಪ್ಪಿಸಬಹುದು, ಆದ್ದರಿಂದ ವರ್ಗ ಹೇಳುವುದನ್ನು ಬಿಟ್ಟು ಬೇರಾವ ಅಧಿಕಾರವೂ ಅದಕ್ಕಿರಬಾರದು. ಬಳಕೆದಾರರ ಖಾಸಗಿ ದಾಖಲೆ ಹೊರಗಿನ ಸೇವೆಗೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿದೆಯೇ, ಅವರು ಒಪ್ಪಿದ್ದಾರೆಯೇ ಎಂಬುದನ್ನು ಮೊದಲೇ ತೀರ್ಮಾನಿಸಿ.

ಭಾಷಾ ಮಾಡೆಲಿನ ಅತ್ಯುತ್ತಮ ಬಳಕೆ ಎರಡನೆಯ ಹಂತದಲ್ಲಿದೆ ಎನ್ನುವುದು ನನ್ನ ಅಭಿಪ್ರಾಯ. ಕಲಿಕೆಯ ಕಡತಗಳಿಗೆ ಅದು ಕರಡು ಗುರುತು ಹಾಕಿಕೊಡಲಿ, ಮನುಷ್ಯರು ತಿದ್ದಲಿ. ಪರೀಕ್ಷೆಯ ಕಡತಗಳ ಗುರುತು ಮಾತ್ರ ಪೂರ್ತಿ ಮನುಷ್ಯರದೇ ಇರಬೇಕು.

## 9. ಅಳೆಯಿರಿ

ಒಟ್ಟು ಎಷ್ಟು ಸರಿ ಎಂಬ ಒಂದೇ ಸಂಖ್ಯೆ ನೋಡಿ ಸಮಾಧಾನಪಡಬೇಡಿ. ಸಾವಿರ ದಾಖಲೆಗಳಲ್ಲಿ 900 ಬಿಲ್ಲುಗಳೇ ಇದ್ದರೆ, ಎಲ್ಲವನ್ನೂ ಬಿಲ್ಲು ಎನ್ನುವ ಪ್ರೋಗ್ರಾಮಿಗೂ ಶೇ. 90 ಅಂಕ ಬರುತ್ತದೆ.

ವರ್ಗವಾರು ಎರಡು ಲೆಕ್ಕ ನೋಡಿ. ಮಾಡೆಲ್ 50 ದಾಖಲೆಗಳನ್ನು ಅರ್ಜಿ ಎಂದಿತು, ಅವುಗಳಲ್ಲಿ 45 ನಿಜವಾಗಿ ಅರ್ಜಿ ಎಂದುಕೊಳ್ಳಿ. ಆಗ ಅದರ ಪ್ರಿಸಿಷನ್ ಶೇ. 90. ಆದರೆ ಪರೀಕ್ಷೆಯ ಕಡತಗಳಲ್ಲಿ ಇದ್ದ ಅರ್ಜಿಗಳು ಒಟ್ಟು 60. ಸಿಕ್ಕಿದ್ದು 45, ಅಂದರೆ ರೀಕಾಲ್ ಶೇ. 75. ತಪ್ಪಿಹೋದ 15 ಅರ್ಜಿಗಳ ಹಿಂದೆ 15 ಜನ ಉತ್ತರಕ್ಕೆ ಕಾಯುತ್ತಿರುತ್ತಾರೆ. ಯಾವ ತಪ್ಪು ಹೆಚ್ಚು ದುಬಾರಿ ಎಂಬುದು ವರ್ಗದಿಂದ ವರ್ಗಕ್ಕೆ ಬೇರೆ, ಅದನ್ನು ನೀವೇ ತೀರ್ಮಾನಿಸಬೇಕು.

ಯಾವ ವರ್ಗ ಯಾವುದರ ಜೊತೆ ಅದಲುಬದಲಾಗುತ್ತಿದೆ ಎಂಬ ಕೋಷ್ಟಕವನ್ನೂ ಮಾಡಿ. ಎರಡು ವರ್ಗಗಳ ನಡುವೆಯೇ ಹೆಚ್ಚಿನ ತಪ್ಪುಗಳಿದ್ದರೆ ಬಹುಮಟ್ಟಿಗೆ ಅವುಗಳ ವಿವರಣೆಯೇ ಸರಿಯಿಲ್ಲ, ಒಂದನೆಯ ಹಂತಕ್ಕೆ ವಾಪಸ್ ಹೋಗಿ. ಒಂದು ವರ್ಗದಲ್ಲಿ ಪರೀಕ್ಷೆಗೆ ಇರುವುದೇ 20 ಕಡತಗಳಾದರೆ ಒಂದು ತಪ್ಪಿಗೆ ಶೇ. 5 ಏರುಪೇರಾಗುತ್ತದೆ, ಅಂಥ ಸಣ್ಣ ವ್ಯತ್ಯಾಸ ನೋಡಿ ಮಾಡೆಲ್ ಬದಲಿಸಬೇಡಿ.

## 10. ಅನುಮಾನಕ್ಕೆ ದಾರಿ ಮಾಡಿ

ಪರೀಕ್ಷೆಯ ಕಡತಗಳನ್ನು ಮಾಡೆಲಿನ ಖಚಿತತೆಯ ಪ್ರಕಾರ ಮೇಲಿಂದ ಕೆಳಗೆ ಜೋಡಿಸಿ. ಮೇಲಿನಿಂದ ಇಳಿಯುತ್ತ ಬಂದರೆ ತಪ್ಪುಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ನೀವು ಸಹಿಸಬಹುದಾದಷ್ಟು ತಪ್ಪು ಎಲ್ಲಿ ಸೇರುತ್ತದೋ ಅದೇ ಮಿತಿ. ಎಲ್ಲ ವರ್ಗಗಳಿಗೂ ಒಂದೇ ಮಿತಿ ಇಡುವುದು ಸಾಮಾನ್ಯ ತಪ್ಪು, ವರ್ಗಕ್ಕೊಂದು ಇರಲಿ.

ಮಿತಿಗಿಂತ ಕೆಳಗಿನದೆಲ್ಲ ಮನುಷ್ಯರ ಪರಿಶೀಲನೆಗೆ ಹೋಗಬೇಕು. ಅವರಿಗೆ ಒಂದೇ ಪರದೆ ಸಾಕು: ಎಡಕ್ಕೆ ದಾಖಲೆಯ ಮೊದಲ ಪುಟ, ಬಲಕ್ಕೆ ಮಾಡೆಲ್ ಸೂಚಿಸಿದ ಮೊದಲ ಮೂರು ವರ್ಗಗಳು, ಒಂದೇ ಒತ್ತಿಗೆ ತೀರ್ಮಾನ. ಈ ಪರದೆ ನಿಧಾನವಾಗಿದ್ದರೆ, ನಾಲ್ಕು ಕಡೆ ಒತ್ತಬೇಕಾಗಿದ್ದರೆ, ಪರಿಶೀಲನೆ ಬಾಕಿ ಬೆಳೆಯುತ್ತ ಹೋಗಿ ಕೊನೆಗೆ ಯಾರೋ ಒಬ್ಬರು ಮಿತಿಯನ್ನೇ ಇಳಿಸಿಬಿಡುತ್ತಾರೆ. ಮಾಡೆಲಿಗಿಂತ ಇದರ ಮೇಲೆ ಹೆಚ್ಚು ಶ್ರಮ ಹಾಕಿ.

ವರ್ಗವನ್ನು ಡೇಟಾಬೇಸಿನಲ್ಲಿ ಬರೆಯಿರಿ, ಕಡತವನ್ನು ವರ್ಗದ ಹೆಸರಿನ ಫೋಲ್ಡರಿಗೆ ಸರಿಸಬೇಡಿ. ವರ್ಗ ನಾಳೆ ಬದಲಾಗಬಹುದು, ಆಗ ಹಳೆಯ ಕೊಂಡಿಗಳೆಲ್ಲ ಮುರಿಯುತ್ತವೆ. ವರ್ಗದ ಜೊತೆಗೆ ಅದನ್ನು ಕೊಟ್ಟದ್ದು ನಿಯಮವೋ ಮಾಡೆಲೋ ಮನುಷ್ಯರೋ, ಯಾವ ಆವೃತ್ತಿ, ಖಚಿತತೆ ಎಷ್ಟು, ಯಾವಾಗ ಎಂಬುದನ್ನೂ ಬರೆದಿಡಿ. ಮನುಷ್ಯರು ಕೊಟ್ಟ ವರ್ಗವನ್ನು ಯಂತ್ರ ಎಂದೂ ಅಳಿಸಬಾರದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ತಾನಾಗಿ ಬಂದ ವರ್ಗದ ಆಧಾರದ ಮೇಲೆ ಯಾರು ಯಾವ ದಾಖಲೆ ನೋಡಬಹುದು ಎಂದು ತೀರ್ಮಾನಿಸಬೇಡಿ. ಒಬ್ಬರ ವೈದ್ಯಕೀಯ ವರದಿಯನ್ನು ಮಾಡೆಲ್ 'ಸಾರ್ವಜನಿಕ ಪ್ರಕಟಣೆ' ಎಂದು ತಪ್ಪಾಗಿ ಗುರುತಿಸಿದರೆ, ಆ ಒಂದು ತಪ್ಪನ್ನು ಯಾವ ಕ್ಷಮೆಯೂ ಸರಿಮಾಡುವುದಿಲ್ಲ. ನೋಡುವ ಹಕ್ಕು ಕಳಿಸಿದವರಿಂದ ಮತ್ತು ಅಪ್‌ಲೋಡ್ ಆದ ಜಾಗದಿಂದ ಬರಲಿ. ಅಳಿಸುವ ಕೆಲಸಕ್ಕೂ ಇದೇ ಮಾತು ಅನ್ವಯಿಸುತ್ತದೆ.

## 11. ಓಡತೊಡಗಿದ ಮೇಲೆ ಕಣ್ಣಿಡಬೇಕಾದ ಲಕ್ಷಣಗಳು

'ಇತರೆ' ಗುಂಪು ಏಕಾಏಕಿ ಉಬ್ಬಿದರೆ ಹೊಸ ಬಗೆಯ ದಾಖಲೆ ಬರುತ್ತಿದೆ, ಇಲ್ಲವೇ ಯಾವುದೋ ನಮೂನೆ ಬದಲಾಗಿದೆ. ಪಠ್ಯವೇ ಸಿಗದ ಕಡತಗಳ ಪಾಲು ಏರಿದರೆ ಓಸಿಆರ್ ನಿಂತಿರಬಹುದು, ಮೊದಲು ಸರ್ವರ್ ನವೀಕರಣದಲ್ಲಿ ಭಾಷಾ ದತ್ತಾಂಶ ಅಳಿಸಿಹೋಗಿದೆಯೇ ನೋಡಿ. ಒಂದು ವರ್ಗಕ್ಕೆ ವಾರವಿಡೀ ಒಂದೂ ದಾಖಲೆ ಬಾರದಿದ್ದರೆ ಅವು ಬೇರೆಲ್ಲೋ ಸೇರುತ್ತಿರಬಹುದು. ಪರಿಶೀಲಕರು ಮಾಡೆಲಿನ ಸೂಚನೆಯನ್ನು ಒಂದನ್ನೂ ತಿದ್ದದೆ ಒಪ್ಪುತ್ತಿದ್ದರೆ ಸಂತೋಷಪಡುವ ಮೊದಲು ಅವರು ನೋಡುತ್ತಿದ್ದಾರೆಯೇ ಎಂದು ವಿಚಾರಿಸಿ.

ಮಿತಿ ದಾಟಿ ತಾನಾಗಿ ಒಪ್ಪಿಗೆಯಾದ ದಾಖಲೆಗಳಿಂದಲೂ ವಾರಕ್ಕೆ ಐವತ್ತನ್ನು ಎತ್ತಿ ಮನುಷ್ಯರಿಂದ ನೋಡಿಸಿ. ಅನುಮಾನದವನ್ನು ಮಾತ್ರ ನೋಡುತ್ತಿದ್ದರೆ, ಮಾಡೆಲ್ ಧೈರ್ಯವಾಗಿ ಮಾಡಿದ ತಪ್ಪುಗಳು ಎಂದೂ ಸಿಗುವುದಿಲ್ಲ.

ಪರಿಶೀಲಕರ ತಿದ್ದುಪಡಿಗಳನ್ನೆಲ್ಲ ಕಲಿಕೆಯ ಕಡತಗಳಿಗೆ ಸೇರಿಸಿ ಆಗಾಗ ಮಾಡೆಲಿಗೆ ಮತ್ತೆ ಕಲಿಸಿ. ಹೊಸ ಆವೃತ್ತಿಯನ್ನು ನೇರವಾಗಿ ಕೂರಿಸಬೇಡಿ. ಒಂದೆರಡು ವಾರ ಹಳೆಯದರ ಪಕ್ಕದಲ್ಲೇ ಓಡಿಸಿ, ಅದರ ಉತ್ತರವನ್ನು ಬರೆದಿಡಿ, ಯಾರಿಗೂ ತೋರಿಸಬೇಡಿ. ಎರಡೂ ಬೇರೆ ಬೇರೆ ಹೇಳಿದ ದಾಖಲೆಗಳನ್ನಷ್ಟೇ ತೆಗೆದು ಓದಿ, ಹೊಸದು ಮೇಲು ಎಂದು ಕಂಡರೆ ಬದಲಿಸಿ. ಆಮೇಲೆ ಹಳೆಯ ದಾಖಲೆಗಳನ್ನೂ ಹೊಸ ಆವೃತ್ತಿಯ ಮೂಲಕ ಹಾಯಿಸಬಹುದು. ಐದನೆಯ ಹಂತದ ಪಠ್ಯವನ್ನು ಉಳಿಸಿಕೊಂಡಿದ್ದರೆ ಓಸಿಆರ್ ಮತ್ತೆ ಮಾಡಬೇಕಾಗಿಲ್ಲ, ಒಂದು ರಾತ್ರಿಯಲ್ಲಿ ಮುಗಿಯುತ್ತದೆ.